ಎಂಟನೇ ಕ್ಲಾಸಿಗೆ ರಂಗೋಲಿ

ಎಂಬತ್ತರ ದಶಕದ ನಡುವಿನಲ್ಲಿ ಜಾಲಹಳ್ಳಿಯ ನಮ್ಮ ಹೈಸ್ಕೂಲಿಗೆ ಎರಡು ಕಂಪ್ಯೂಟರ್ ಬಂದವು. ಆಟದ ಸಾಮಾನು ಇಡುತ್ತಿದ್ದ ಕೋಣೆಗೆ ಸುಣ್ಣ ಬಳಿದು ಅಲ್ಲಿ ಕೂರಿಸಿದೆವು. ಹೆಡ್‌ಮಾಸ್ಟರು ಅವಕ್ಕೆ ಮಖಮಲ್ಲಿನ ಗವಸು ಹೊಲಿಸಿದರು. ನಾನು ಧಾರವಾಡದ ಕಡೆಯವಳು. ಯಜಮಾನರಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದವಳು, ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ರಜೆಯಲ್ಲಿ ಒಂದು ಸಣ್ಣ ತರಬೇತಿಗೆ ಹೋಗಿ ಬಂದಿದ್ದೇ ನೆಪವಾಗಿ, ಎಂಟರಿಂದ ಹತ್ತನೇ ತರಗತಿಯವರೆಗೆ ಯಾವ ವರ್ಷ ಏನು ಕಲಿಸಬೇಕೆಂದು ಯೋಜಿಸುವ ಕೆಲಸ ನನ್ನ ತಲೆಗೇ ಬಂತು.

ಹೆಡ್‌ಮಾಸ್ಟರು ಆಗಲೇ ಒಂದು ಲೆಕ್ಕಾಚಾರ ಹಾಕಿಕೊಂಡಿದ್ದರು. ಎಂಟರಲ್ಲಿ ಕಂಪ್ಯೂಟರಿನ ಭಾಗಗಳು, ವ್ಯಾಖ್ಯೆಗಳು, ಎಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ. ಅದರಲ್ಲಿ ಪಾಸಾದವರಿಗೆ ಮಾತ್ರ ಒಂಬತ್ತರಲ್ಲಿ ಯಂತ್ರ ಮುಟ್ಟುವ ಭಾಗ್ಯ. ಹತ್ತರಲ್ಲಿ ಸ್ವಂತ ಪ್ರೋಗ್ರಾಂ. ಕೇಳಿದ ಕೂಡಲೇ ನನಗೆ ಮೈ ಉರಿಯಿತು.

"ಸರ, ಹಿಂಗಾದ್ರ ಕನ್ನಡ ಮೀಡಿಯಂ ಹುಡುಗೂರು ಮೊದಲನೇ ವರ್ಷಾನ ಹೊರಗ ಬೀಳ್ತಾರ. ಆಮ್ಯಾಲೆ ಅವರು ಒಳಗ ಬರೂದು ಯಾವಾಗ?"

"ಕೀಬೋರ್ಡ್ ಮೇಲೆ ಇರೋದೇ ಇಂಗ್ಲಿಷ್ ಕಣ್ರೀ ಮೇಡಂ, ನಾನೇನ್ ಮಾಡ್ಲಿ? ನಿಮ್ಮ ಕ್ರಮ ಏನು ಅಂತ ತೋರ್ಸಿ, ನೋಡೋಣ," ಎಂದರು. ಕೆಟ್ಟ ಮನುಷ್ಯರಲ್ಲ. ಎಲ್ಲದಕ್ಕೂ ಒಂದು ಕ್ರಮ ಇರಬೇಕು ಎನ್ನುವವರು, ಅಷ್ಟೇ.

ಮನೆಯಲ್ಲಿ ಸೊಪ್ಪು ಸೋಸುತ್ತ, ಯಜಮಾನರ ಮೇಲೆ ವಿನಾಕಾರಣ ರೇಗುತ್ತ ಯೋಚಿಸಿದೆ. ಎಂಟನೇ ಕ್ಲಾಸಿಗೆ ಯಂತ್ರವೇ ಬೇಡ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವರಿಗೆ ಒಂದು ಕೆಲಸವನ್ನು ಬಿಡಿಸಿ ಹೇಳುವುದು ಮಕ್ಕಳಿಗೆ ಬಂದರೆ ಸಾಕು. ಅದಕ್ಕೆ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಪಾಠ ನನಗೆ ಕಾಣಲಿಲ್ಲ. ಒಬ್ಬರು ಹೇಳಬೇಕು, ಇನ್ನೊಬ್ಬರು ಸ್ವಂತ ಬುದ್ಧಿ ಓಡಿಸದೆ ಹಾಕಬೇಕು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಅಂಗಳಕ್ಕೆ ನೀರು ಚಿಮುಕಿಸಿದೆವು. ಹೇಳುವುದಕ್ಕೆ ಕನ್ನಡ ಮಾಧ್ಯಮದ ಒಬ್ಬ ಹುಡುಗಿಯನ್ನು ಕರೆದೆ, ಬ್ಯಾಟರಾಯನಪುರದ ರೈತರ ಮನೆಯವಳು. ಹಾಕುವುದಕ್ಕೆ ಯಾರು ಎಂದು ನೋಡುವಷ್ಟರಲ್ಲಿ ಹೆಡ್‌ಮಾಸ್ಟರೇ ಪ್ಯಾಂಟು ಮೇಲಕ್ಕೆ ಮಡಚಿ ಕುಕ್ಕರುಗಾಲಲ್ಲಿ ಕೂತರು. "ನಾನೇ ಯಂತ್ರ. ಹೇಳಮ್ಮ."

"ಏಳು ಚುಕ್ಕಿ ಮಡಗಿ ಸಾರ್," ಎಂದಳು. ಅವರು ಏಳನ್ನೂ ಒಂದೇ ಜಾಗದಲ್ಲಿಟ್ಟು ತಲೆ ಎತ್ತಿ ನೋಡಿದರು. ಮಕ್ಕಳು ನಕ್ಕರು. ಹುಡುಗಿಯ ಕಣ್ಣು ತುಂಬಿತು. ನನ್ನ ಯೋಜನೆಯ ಕಥೆ ಮುಗಿಯಿತು ಅಂದುಕೊಂಡೆ.

ಅವಳು ಲಂಗದ ಅಂಚು ಹಿಡಿದುಕೊಂಡು ಸ್ವಲ್ಪ ಯೋಚಿಸಿದಳು. "ಒಂದು ಚುಕ್ಕಿ ಮಡಗಿ. ಒಂದು ಗೇಣು ಬಲಕ್ಕೆ ಓಗಿ. ಇನ್ನೊಂದು ಮಡಗಿ. ಇಂಗೇ ಮಾಡ್ತಾ ಓಗಿ ಸಾರ್."

ಅವರು ಹೊರಟರು. ಏಳಾಯಿತು, ಎಂಟಾಯಿತು. ಮಂಡಿ ನೋವಿನ ಮನುಷ್ಯ ಕೂತಲ್ಲಿಂದಲೇ ಸರಿಯುತ್ತ, ಬಾವುಟದ ಕಟ್ಟೆ ದಾಟಿ ನಲ್ಲಿಯ ತನಕ ಚುಕ್ಕಿ ಇಟ್ಟುಕೊಂಡು ಹೋದರು. "ಸಾಕು ನಿಲ್ಲಿ ಸಾರ್," ಎಂದು ಅವಳು ಹಿಂದೆ ಓಡಿದಳು.

"ಎಲ್ಲಿ ನಿಲ್ಲಬೇಕು ಅಂತ ನೀನು ಹೇಳ್ಲೇ ಇಲ್ವಲ್ಲಮ್ಮ," ಎಂದರು ಬೆವರು ಒರೆಸಿಕೊಳ್ಳುತ್ತ.

ಮೂರನೇ ಸಲ ಅವಳು, "ಏಳು ಆಗೋಗಂಟ ಇಂಗೇ ಮಾಡಿ, ಆಮೇಲೆ ನಿಂತ್ಕಳಿ," ಎಂದಳು. ಏಳಕ್ಕೆ ಸರಿಯಾಗಿ ನಿಂತರು. ತರಬೇತಿಯಲ್ಲಿ ನಮಗೆ ಲೂಪ್ ಎಂದು ಕಲಿಸಿದ್ದು ಇದನ್ನೇ. ನನಗೆ ಖುಷಿ ತಡೆಯಲಾಗಲಿಲ್ಲ.

ಹೆಡ್‌ಮಾಸ್ಟರು ಮಾತ್ರ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ವರ್ಷವಿಡೀ ಎರಡೂ ಮಾಧ್ಯಮದ ಎಂಟನೆಯವರಿಗೆ ಅಂಗಳದಲ್ಲಿ ಪಾಠ ಮಾಡಲು ಬಿಟ್ಟರು. ಒಂಬತ್ತರಲ್ಲಿ ಯಾರು ಯಂತ್ರ ಮುಟ್ಟಬೇಕು ಎಂದರೆ "ನೋಡೋಣ" ಅನ್ನುತ್ತಿದ್ದರು. ಕೇಳಿ ಕೇಳಿ ನನಗೆ ರೋಸಿಹೋಗಿತ್ತು.

ಜೂನಿನಲ್ಲಿ ಶಾಲೆ ತೆರೆದ ದಿನ ನೋಟಿಸ್ ಬೋರ್ಡಿಗೆ ಕಂಪ್ಯೂಟರ್ ಪೀರಿಯಡ್ಡುಗಳ ವೇಳಾಪಟ್ಟಿ ಹಚ್ಚಿದರು. ಅದೇ ಹುಡುಗಿ ಸ್ಟಾಫ್‌ರೂಮಿನ ಬಾಗಿಲಿಗೆ ಬಂದಳು, ಮುಖ ಸಪ್ಪಗಾಗಿತ್ತು. "ಮಿಸ್, ನಮ್ ಸೆಕ್ಷನ್ ಎಸ್ರೇ ಇಲ್ಲ."

ಸಿಟ್ಟಿನಿಂದಲೇ ಎದ್ದು ಹೋದೆ. ಹೆಡ್‌ಮಾಸ್ಟರ ದುಂಡು ಅಕ್ಷರದಲ್ಲಿ ‘ಒಂಬತ್ತನೇ ತರಗತಿ’ ಎಂದಷ್ಟೇ ಇತ್ತು.

"ಇಂಗ್ಲಿಷ್ ಮೀಡಿಯಂನವರ ಹೆಸರು ಎಲ್ಲೈತಿ, ತೋರಸು," ಎಂದೆ.

ಅವಳು ಬೆರಳಿಟ್ಟು ಹುಡುಕಿದಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ನನಗೊಂದು ಮಾತೂ ಹೇಳದೆ, ತನ್ನ ಕ್ಲಾಸಿನವರನ್ನೆಲ್ಲ ಕೂಗಿ ಕರೆಯುತ್ತ ಓಡಿದಳು.