ಚುಕ್ಕಿಯ ನೊರೆಹಾಲು

ರಾಂಪುರದ ಕಡೆಯ ಕೆಂಚಕ್ಕ ತನ್ನನ್ನು ಯಾರು ಏನೆಂದರೂ ಕೇಳಿಸಿಕೊಂಡಾಳು, ಅವಳ ಆಡುಗಳ ತಂಟೆಗೆ ಹೋದರೆ ಮಾತ್ರ ಮುಗಿಯಿತು! ಪಶುವೈದ್ಯೆ ಸಬೀನಾ ಬಂದು, "ಆರೋಗ್ಯವಾಗಿರೋ ಆಡಲ್ಲೂ ಕ್ರಿಮಿ ಇರಬಹುದು, ಹಿಕ್ಕೆ ಪರೀಕ್ಷೆ ಮಾಡ್ಬೇಕಜ್ಜಿ" ಅಂದಾಗ ಅವಳ ಮೈಯೆಲ್ಲ ಉರಿಯಿತು.

"ರೋಗ ಇದ್ರೆ ಪರೀಕ್ಷೆ ಮಾಡವ್ವ. ನನ್ನ ಚುಕ್ಕಿಗೆ ಏನಾಗೈತೆ? ಗುಂಡುಕಲ್ಲು ಇದ್ದಂಗವ್ಳೆ!"

ಹಣೆಯಲ್ಲಿ ಬಿಳಿ ಬೊಟ್ಟಿದ್ದ ಚುಕ್ಕಿ ಅವಳ ಮುದ್ದಿನ ಆಡು. ದಿನಾ ಬೆಳಿಗ್ಗೆ ಅದರ ಹಾಲನ್ನು ಲೋಟಕ್ಕೆ ಹಿಂಡಿ, ಕಾಯಿಸದೆ, ಕೆಚ್ಚಲ ಬಿಸಿ ಆರುವ ಮೊದಲೇ ಮೊಮ್ಮಗಳು ಪವಿತ್ರಳಿಗೆ ಕುಡಿಸುವಳು. ನೊರೆಹಾಲೆಂದರೆ ಅವಳ ಪಾಲಿಗೆ ಅಮೃತ. ಎರಡು ತಿಂಗಳಲ್ಲಿ ಮೂರು ಸಲ ಮಗುವಿಗೆ ಭೇದಿಯಾಗಿತ್ತು. ಮೂರು ಸಲವೂ ಕೆಂಚಕ್ಕ ಯಾರದೋ ಕಣ್ಣು ಬಿದ್ದು ಕಣ್ಣಾಸರವಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಕೂಸು ಸೊರಗಿದೆಯೆಂದು ಒಂದು ಲೋಟ ಹೆಚ್ಚಿಗೆಯೇ ಕುಡಿಸಿದಳು.

ಸೊಸೆ ನಾಗರತ್ನ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಅತ್ತೆ, ಆ ಹಾಲು ಕುಡ್ದು ಇನ್ನೊಂದ್ಸಲ ಹಿಂಗಾದ್ರೆ ಚುಕ್ಕಿ ಸಂತೆಗೆ ಹೋಗ್ತೈತೆ." ಆ ಮಾತಿಗೆ ಹೆದರಿಯೇ ಕೆಂಚಕ್ಕ ಪರೀಕ್ಷೆಗೆ ಒಪ್ಪಿದ್ದು. ಚುಕ್ಕಿಯದು ತಪ್ಪಿಲ್ಲವೆಂದು ಡಾಕ್ಟರಮ್ಮನ ಬಾಯಲ್ಲೇ ಬರಲಿ ಎಂಬುದು ಅವಳ ಆಸೆ.

ವಾರ ಕಳೆದು ಸಬೀನಾ ಬಂದಳು. ಹನ್ನೊಂದು ಆಡುಗಳಲ್ಲಿ ಒಂದರ ಹಿಕ್ಕೆಯಲ್ಲಿ ಮಾತ್ರ ಕೆಟ್ಟ ಕ್ರಿಮಿ ಸಿಕ್ಕಿತ್ತು. ಅದು ಚುಕ್ಕಿಯದು.

ಕೆಂಚಕ್ಕ ಚುಕ್ಕಿಯ ಕೊರಳು ತಬ್ಬಿದಳು. "ಹಂಗಾರೆ ಚುಕ್ಕಿ ಸಾಯ್ತಾಳಾ?"

"ಇಲ್ಲಜ್ಜಿ, ಆಡಿಗೆ ಅದು ಏನೂ ಮಾಡಲ್ಲ. ಹಿಕ್ಕೆಯಿಂದ ಕೆಚ್ಚಲಿಗೆ, ಕೈಗೆ ಅಂಟುತ್ತೆ. ಹಸಿ ಹಾಲಲ್ಲಿ ಸೇರಿದ್ರೆ ಮಕ್ಕಳಿಗೆ ಭೇದಿ ಆಗುತ್ತೆ. ಕೆಚ್ಚಲು ತೊಳೀರಿ, ಕೈಗೆ ಸೋಪು ಹಾಕ್ರಿ, ಹಾಲು ಉಕ್ಕೋವರೆಗೂ ಕಾಯಿಸ್ರಿ. ಚುಕ್ಕೀನ ಯಾಕೆ ಮಾರ್ತೀರಿ?"

ಕೆಂಚಕ್ಕ ತನ್ನ ಎರಡೂ ಅಂಗೈ ನೋಡಿಕೊಂಡಳು. ಯಾರ ಕಣ್ಣೂ ಬಿದ್ದಿರಲಿಲ್ಲ. "ಅಯ್ಯೋ ಶಿವನೇ, ನಾನೇ ಕುಡಿಸಿದ್ನಲ್ಲೇ ನಾಗಿ!" ಎಂದು ಗಳಗಳ ಅತ್ತಳು. ನಾಗರತ್ನ ಅತ್ತೆಯ ಬೆನ್ನು ಸವರಿದಳು.

ಮರುದಿನ ಕಾಯಿಸಿದ ಹಾಲು ನೋಡಿ ಪವಿತ್ರ ಮುಖ ತಿರುಗಿಸಿದಳು. "ನೊರೆ ಇಲ್ಲ, ನಂಗೆ ಬ್ಯಾಡ."

ಕೆಂಚಕ್ಕ ಇನ್ನೊಂದು ಲೋಟ ತಂದಳು. ಕೈ ಮೇಲೆತ್ತಿ ಅದರಿಂದಿದಕ್ಕೆ, ಇದರಿಂದದಕ್ಕೆ ಸುರಿದಳು. ತೋಳು ಸೋತರೂ ಬಿಡಲಿಲ್ಲ, ನೊರೆ ಲೋಟದ ಬಾಯಿಗೆ ಬರುವವರೆಗೂ ಸುರಿದಳು.

"ತಗಾ, ಈಗ ಕುಡಿ ನನ್ನವ್ವ."