ಎತ್ತಿದ ಕೈ

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಬ್ರೇಕು ಬಿಚ್ಚಿ ಜೋಡಿಸುವ ಆ ಮನುಷ್ಯನನ್ನು ಎಲ್ಲರೂ ಬಾವುಟ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಮೈಗೆಲ್ಲ ಗ್ರೀಸು ಬಳಿದುಕೊಳ್ಳುತ್ತಿದ್ದವನು ಫುಟ್‌ಬಾಲ್ ಸೀಸನ್ ಬಂತೆಂದರೆ ರಜೆಯ ದಿನ ಕಪ್ಪು ಚಡ್ಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲೊಂದು ಪುಟ್ಟ ಬಾವುಟ ಹಿಡಿದು ಮೈದಾನದ ಅಂಚಿನ ಬಿಳಿ ಗೆರೆಯುದ್ದಕ್ಕೂ ಓಡುತ್ತಿದ್ದ. ಅವನು ಲೈನ್‌ಮನ್. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಈ ಮಾತನ್ನು ಬೇರೆಯೇ ಅರ್ಥ ಮಾಡಿಕೊಂಡು, ಕರೆಂಟು ಹೋದಾಗಲೆಲ್ಲ ಅವನ ಮನೆಯ ಬಾಗಿಲು ತಟ್ಟುತ್ತಿದ್ದರು. ನಾನು ಆ ಲೈನ್‌ಮನ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಫ್ಯೂಸು ಹಾಕುವುದನ್ನೂ ಕಲಿತುಬಿಟ್ಟಿದ್ದ.

ಅವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಕುತೂಹಲ. ಬಸ್ಸಿನ ಎಡಗಡೆಯ ಬ್ರೇಕೇ ಯಾಕೆ ಮೊದಲು ಸವೆಯುತ್ತದೆ, ಎದುರುಮನೆಯವರು ಒಂದೇ ಕಿಟಕಿಗೆ ಎರಡು ಪರದೆ ಯಾಕೆ ಹಾಕುತ್ತಾರೆ, ಲಿಫ್ಟಿನೊಳಗೆ ಹೋದ ತಕ್ಷಣ ಜನ ಯಾಕೆ ಮೇಲೆ ನೋಡುತ್ತಾರೆ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚುವ ಕೆಲಸದವಳು. ಸಂಜೆ ಕಾಲು ನೀಡಿ ಕೂತವಳ ಮುಂದೆ ಇವನು ಇಂಥವನ್ನೆಲ್ಲ ತೆಗೆದರೆ, "ನಿಮ್ಮ ತಲೆಯೊಳಗಿನ ಹುಳಕ್ಕೆ ಒಂದು ದಿನಾನೂ ರಜೆ ಇಲ್ವಾ?" ಎನ್ನುತ್ತಿದ್ದಳು. ಗೆರೆಯ ಮೇಲೆ ಓಡುವ ಕೆಲಸಕ್ಕೂ ಅವನನ್ನು ಎಳೆದುಕೊಂಡು ಹೋದದ್ದು ಆ ಹುಳವೇ. ಇಡೀ ಮೈದಾನ ಚೆಂಡನ್ನು ನೋಡುತ್ತಿರುವಾಗ ಯಾರೂ ನೋಡದ ಕಾಲುಗಳನ್ನು ನೋಡುತ್ತ ನಿಲ್ಲುವುದು ಅವನಿಗೆ ಹೇಳಲಾರದಂಥ ಖುಷಿ ಕೊಡುತ್ತಿತ್ತು.

ಹೆಂಡತಿಯ ತಂದೆ ಅವರ ಜೊತೆಯಲ್ಲೇ ಇದ್ದರು. ಸೈನ್ಯದಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದ ಮುದುಕ. ಯಾರ ಮೇಲೂ ಒಂದು ಗುಂಡು ಹಾರಿಸಿದವರಲ್ಲ, ಆದರೆ ಸೌಟು ಹಿಡಿದ ಕೈಯಲ್ಲೇ ದೇಶ ಕಾದವರ ಹಾಗೆ ಮಾತಾಡುತ್ತಿದ್ದರು. ಅಳಿಯನ ಮೇಲೆ ಅವರಿಗೆ ಅಕ್ಕರೆ. ಒಂದು ಸಲ ಊಟದ ಮೇಜಿನ ಮೇಲೆ ಅವನು ಚಮಚ, ಲೋಟಗಳನ್ನು ಜೋಡಿಸಿ ಅವರಿಗೆ ಆಫ್‌ಸೈಡ್ ಅಂದರೇನೆಂದು ತಿಳಿಸಿಕೊಟ್ಟಿದ್ದ. "ನೋಡಿ ಮಾವ, ಈ ಲೋಟ ಅವರ ಗೋಲಿ, ಅಂದ್ರೆ ಗೋಲು ಕಾಯೋನು. ಈ ಚಮಚ ಅವರ ಕಡೆಯ ಕೊನೇ ಕಾವಲುಗಾರ. ನಮ್ಮವನು ಚೆಂಡು ಒದೆಯೋ ಹೊತ್ತಿಗೆ ಅದನ್ನ ತಗೊಳ್ಳೋನು ಈ ಚಮಚಕ್ಕಿಂತ ಮುಂದೆ ಹೋಗಿ ನಿಂತಿರಬಾರದು. ನಿಂತಿದ್ರೆ ಗೋಲು ಹೊಡೆದ್ರೂ ಲೆಕ್ಕಕ್ಕಿಲ್ಲ."

"ಅಂದ್ರೆ ಪಂಕ್ತೀಲಿ ಬಡಿಸೋ ಮುಂಚೆ ತಟ್ಟೆಗೆ ಕೈ ಹಾಕಬಾರದು ಅಂತ," ಎಂದರು ಮಾವ. ಅಷ್ಟು ಚೆನ್ನಾಗಿ ಅರ್ಥವಾಗಿತ್ತು ಅವರಿಗೆ.

ಆ ವರ್ಷ ಗಡಿಯಾಚೆಯ ದೇಶದ ತಂಡ ನಮ್ಮವರ ಜೊತೆ ಆಡಲು ಬರುತ್ತದೆಂದು ಸುದ್ದಿಯಾಯಿತು. ಎರಡೂ ದೇಶಗಳ ನಡುವೆ ಮಾತುಕತೆ ಕೆಟ್ಟು ಕಾಲವಾಗಿತ್ತು. ಅದನ್ನು ಸರಿಮಾಡುವುದಕ್ಕೆ ಒಂದು ಸ್ನೇಹದ ಪಂದ್ಯ. ಕಪ್ಪಿಲ್ಲ, ಅಂಕವಿಲ್ಲ, ಗೆದ್ದರೆ ಚಪ್ಪಾಳೆ ಬಿಟ್ಟು ಬೇರೇನೂ ಇಲ್ಲ. ಗೆರೆಯ ಮೇಲೆ ನಿಲ್ಲಲು ಫುಟ್‌ಬಾಲ್ ಸಂಘದವರು ಆರಿಸಿದ್ದು ಬಾವುಟನನ್ನು. ಹೊಸ ಅಂಗಿ ಕೊಟ್ಟರು, ಎದೆಯ ಮೇಲೆ ದೇಶದ ಲಾಂಛನ. ಹೆಂಡತಿ ಅದನ್ನು ಲಾಂಡ್ರಿಗೆ ಒಯ್ದು, ದೊಡ್ಡ ಡಾಕ್ಟರುಗಳ ಕೋಟಿನ ಜೊತೆ ಹಬೆ ಇಸ್ತ್ರಿ ಹಾಕಿಸಿ ತಂದಳು. ಮಾವನಿಗೆ ಸಂಘದಿಂದ ಒಂದು ಟಿಕೇಟೂ ಸಿಕ್ಕಿತು. ಅಂದು ಮುದುಕರು ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು, ಹಳೆಯ ಪಟಾಲಮ್ಮಿನ ಟೋಪಿ ಹಾಕಿಕೊಂಡು, ಮಧ್ಯಾಹ್ನದ ಪಂದ್ಯಕ್ಕೆ ಬಾಗಿಲಲ್ಲಿ ಕೂತುಬಿಟ್ಟರು.

ಮೈದಾನದ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದಾಗ ಸಂಘದ ಕಾರ್ಯದರ್ಶಿ ಬಂದು ಬೆನ್ನ ಮೇಲೆ ಕೈಯಿಟ್ಟ. "ಜನ ಬಹಳ ಇದಾರೆ. ಮಂತ್ರಿಗಳೂ ಬಂದಿದಾರೆ. ಸಂಶಯ ಬಂತು ಅಂದ್ರೆ ಕೈ ಕೆಳಗೇ ಇರಲಿ. ತಿಳೀತಲ್ಲ?"

"ಸಂಶಯ ಬಂದ್ರೆ ಕೆಳಗೇ ಇರುತ್ತೆ ಸಾರ್," ಎಂದ ಬಾವುಟ. ನಿಯಮದಲ್ಲೂ ಹಾಗೇ ಇತ್ತು. ಅವನು ಅದನ್ನು ನಿಯಮದ ಮಾತೆಂದೇ ತಿಳಿದ.

ರಾಷ್ಟ್ರಗೀತೆ ನುಡಿಸಿದರು. ಗೆರೆಯ ಮೇಲೆ ನೆಟ್ಟಗೆ ನಿಂತು ಅವನೂ ದನಿಗೂಡಿಸಿದ. ಇಷ್ಟು ಜನ ಒಟ್ಟಿಗೆ ಬಾಯಿ ತೆರೆದಾಗ ಕಾಲ ಕೆಳಗಿನ ಹುಲ್ಲು ಕೂಡ ನಡುಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಪಂದ್ಯ ಮುಗಿಯುತ್ತ ಬಂದರೂ ಗೋಲಿರಲಿಲ್ಲ. ಆಗ ನಮ್ಮವನೊಬ್ಬ ನಡುಮೈದಾನದಿಂದ ಉದ್ದಕ್ಕೆ ಚೆಂಡು ಒದ್ದ. ನಮ್ಮ ಮುಂಚೂಣಿಯ ಹುಡುಗ, ಊರಿನ ಗೋಡೆಗೋಡೆಯ ಮೇಲೂ ಚಿತ್ರವಿದ್ದವನು, ಅದನ್ನು ಎದೆಯಲ್ಲಿ ತಡೆದು ಗೋಲಿಗೆ ನುಗ್ಗಿಸಿದ. ಇಡೀ ಮೈದಾನ ಎದ್ದು ನಿಂತಿತು. ಆದರೆ ಚೆಂಡು ಒದೆಯುವ ಗಳಿಗೆಯಲ್ಲಿ ಬಾವುಟ ನೋಡುತ್ತಿದ್ದದ್ದು ಚೆಂಡನ್ನಲ್ಲ. ಆ ಹುಡುಗ ಕೊನೆಯ ಕಾವಲುಗಾರನಿಗಿಂತ ಒಂದು ದೊಡ್ಡ ಹೆಜ್ಜೆ ಮುಂದಿದ್ದ. ಸಂಶಯ ಬರಲಿಲ್ಲ. ಕೈ ಮೇಲೆ ಹೋಯಿತು.

ಅವನು ಎತ್ತಿದ ಎಂದು ಹೇಳುವುದೂ ಕಷ್ಟ. ಬಿಸಿ ತಾಗಿದರೆ ಹಿಂದೆ ಬರುವ ಹಾಗೆ ಅದು ತಾನಾಗಿಯೇ ಹೋಯಿತು. ರೆಫರಿ ಸೀಟಿ ಊದಿ ಗೋಲನ್ನು ರದ್ದು ಮಾಡಿದ. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲರಿಗೂ ಆ ಪುಟ್ಟ ಬಾವುಟ ಕಂಡಿತು. ನೀರಿನ ಬಾಟಲಿಗಳು ಬಂದವು, ಚಪ್ಪಲಿ ಬಂತು. "ದೇಶದ್ರೋಹಿ" ಎಂಬ ಮಾತು ಮೊದಲು ಒಂದು ಮೂಲೆಯಿಂದ, ಆಮೇಲೆ ಎಲ್ಲ ಕಡೆಯಿಂದ ತಾಳಕ್ಕೆ ಸರಿಯಾಗಿ ಬಂತು. ಆಟ ಗೋಲಿಲ್ಲದೆ ಮುಗಿಯಿತು. ಯಾರೂ ಸೋತಿರಲಿಲ್ಲ. ಅವನನ್ನು ಪೊಲೀಸರು ಹಿಂಬಾಗಿಲಿನಿಂದ, ತರಕಾರಿ ಸಾಗಿಸುವ ಗಾಡಿಯಲ್ಲಿ ಕೂರಿಸಿ ಕಳಿಸಿದರು.

ಮನೆಯಲ್ಲಿ ಮಾವ ಮೊದಲೇ ಬಂದು ಗೋಡೆಯ ಕಡೆ ತಿರುಗಿ ಮಲಗಿದ್ದರು. ತಲೆನೋವಂತೆ. ಹೆಂಡತಿ ಅವನ ಅಂಗಿಯ ಮೇಲಿನ ಕೆಸರನ್ನು ಉಜ್ಜುತ್ತ ಕೇಳಿದಳು, "ಆ ಕೈ ಒಂಚೂರು ತಡವಾಗಿ ಎತ್ತಿದ್ರೆ ಏನಾಗ್ತಿತ್ತು?"

"ತಡವಾಗಿ ಎತ್ತಿದ್ರೂ ಅದೇ ಕೈ ಅಲ್ವಾ."

"ಎತ್ತದೇ ಇದ್ದಿದ್ರೆ?"

ಅವನು ಅಂಗಿಯ ಇನ್ನೊಂದು ತೋಳನ್ನು ಹಿಡಿದು ತಾನೂ ಉಜ್ಜತೊಡಗಿದ.

ಡಿಪೋದಲ್ಲಿ ಅವನ ಬೀರುವಿನ ಬಾಗಿಲಿಗೆ ಯಾರೋ ಆಚೆ ದೇಶದ ಧ್ವಜದ ಬಣ್ಣ ಬಳಿದಿದ್ದರು. ಮೇಸ್ತ್ರಿ ಅದನ್ನು ನೋಡಿ ನಕ್ಕು, "ಹುಡುಗರು ತಮಾಷೆಗೆ ಮಾಡಿದಾರೆ, ಮನಸ್ಸಿಗೆ ಹಚ್ಕೋಬೇಡ," ಎಂದ. ಬಾವುಟ ಸೀಮೆಎಣ್ಣೆ ಹಾಕಿ ಒರೆಸಿದ. ಮಾರನೆಯ ದಿನ ಮತ್ತೆ ಬಳಿದಿದ್ದರು. ಅಲ್ಲಿಂದ ಮುಂದೆ ಅವನು ಒರೆಸಲಿಲ್ಲ. ಡ್ರೈವರೊಬ್ಬ ತನ್ನ ಬಸ್ಸಿನ ಬ್ರೇಕನ್ನು ಇವನು ಮುಟ್ಟಬಾರದೆಂದು ಬರೆದುಕೊಟ್ಟನಂತೆ. ಅದನ್ನು ಕೇಳಿದಾಗ ಮಾತ್ರ ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಹೊರಗೆ ಹೋಗಿ ಕೂತ. ಇಷ್ಟು ವರ್ಷ ಗುರುತು ಪರಿಚಯವಿಲ್ಲದ ಜನರನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದು ಈ ಕೈಯೇ. ಲಾಂಡ್ರಿಯಲ್ಲಿ ಹೆಂಡತಿಯ ಜೊತೆ ದೊಡ್ಡ ಹೊದಿಕೆಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಬೇರೆ ಮೇಜಿಗೆ ಹೋದಳು. ಒಬ್ಬಳೇ ಹೊದಿಕೆ ಮಡಚುವುದು ಎಷ್ಟು ಕಷ್ಟವೆಂದು ಅವಳು ಗಂಡನಿಗೆ ಹೇಳಲಿಲ್ಲ. ಅವಳ ಭುಜಕ್ಕೆ ಹಚ್ಚಿದ ಮುಲಾಮಿನ ವಾಸನೆಯಿಂದ ಅವನಿಗೇ ಗೊತ್ತಾಯಿತು.

ಸಂಘದ ಕಾರ್ಯದರ್ಶಿ ಕರೆಸಿದ. "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ. ನಾನು ಮೊದಲೇ ಹೇಳಿದ್ದೆನಲ್ಲ."

"ಸಂಶಯ ಬಂದ್ರೆ ಅಂತ ಹೇಳಿದ್ರಿ. ಬರಲಿಲ್ಲ."

"ಬರಬೇಕಾಗಿತ್ತಪ್ಪ," ಎಂದ ಕಾರ್ಯದರ್ಶಿ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇಂಥಾ ಹೊತ್ತಲ್ಲಿ ದೇಶದ ಮೇಲೆ ಪ್ರೀತಿ ಇದ್ದೋನಿಗೆ ಸಂಶಯ ಬರಬೇಕು."

ಆ ಮಾತು ಅವನ ತಲೆಯ ಹುಳವನ್ನು ಕೆಣಕಿತು. ಪ್ರೀತಿ ಇದ್ದರೆ ಕಣ್ಣು ಬೇರೆ ಥರ ಕಾಣಬೇಕೆ? ಹಾಗಾದರೆ ತನಗೆ ಪ್ರೀತಿಯಿಲ್ಲವೆ, ಇಲ್ಲ ಕಂಡದ್ದೇ ತಪ್ಪೆ? ಟೀವಿಯವರು ತೋರಿಸಿದ್ದು ಬರೀ ಚೆಂಡು ಬಲೆಗೆ ಬೀಳುವುದನ್ನು. ಅದಕ್ಕೆ ಮುಂಚಿನ ಕಾಲುಗಳನ್ನು ಯಾರೂ ತೋರಿಸಲಿಲ್ಲ. ದಿನ ಕಳೆದಂತೆ ಅವನಿಗೇ ಅನುಮಾನ ಹತ್ತಿತು. ತಾನು ಹೆಜ್ಜೆ ಎಂದುಕೊಂಡದ್ದು ನೆರಳಿದ್ದರೆ? ತಪ್ಪಾಗಿದ್ದರೆ ಕ್ಷಮೆ ಕೇಳಿಬಿಡಬಹುದು, ಜನ ಮರೆತಾರು ಎಂದು ಒಂದೊಂದು ಸಲ ಆಸೆಯೂ ಆಗುತ್ತಿತ್ತು. ಗೆರೆಯ ನೇರಕ್ಕೆ ಕೂತು ಯಾರಾದರೂ ಫೋನಿನಲ್ಲಿ ಹಿಡಿದಿರಬೇಕಲ್ಲ ಎಂದು ಊರೆಲ್ಲ ವಿಚಾರಿಸಿದ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವನೊಬ್ಬ ಹಿಡಿದಿದ್ದ.

ಸ್ಟುಡಿಯೋದವನು ಒಳ್ಳೆಯ ಮನುಷ್ಯ. ಪರದೆಯ ಹಿಂದೆ ಕರೆದು ಸ್ಟೂಲು ಕೊಟ್ಟು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಚೆಂಡಿಗೆ ಕಾಲು ತಾಗುವ ಜಾಗಕ್ಕೆ ನಿಲ್ಲಿಸಿದ. ನೆರಳಲ್ಲ, ಹೆಜ್ಜೆಯೇ. ಒಂದಲ್ಲ, ಒಂದೂವರೆ. "ಅಯ್ಯೋ, ನೀವು ಹೇಳಿದ್ದು ಸರಿ ಕಣ್ರೀ," ಎಂದ ಸ್ಟುಡಿಯೋದವನು, ಪಕ್ಕದ ಬೀದಿಯಲ್ಲಿ ಅಂಗಡಿ ತೆರೆದಿದೆ ಎನ್ನುವಷ್ಟೇ ಸಹಜವಾಗಿ. ಬಾವುಟ ಉಸಿರು ಬಿಟ್ಟ. ಕಣ್ಣಲ್ಲಿ ನೀರು ಬಂದಿದ್ದನ್ನು ತೋಳಿನಿಂದ ಒರೆಸಿಕೊಂಡ. ಅಲ್ಲಿಗೆ ಎದ್ದು ಬಂದಿದ್ದರೆ ಆಗಿತ್ತು. ಆದರೆ ಮುಂದೇನಿದೆ ನೋಡುವ ಚಟ.

"ಪೂರ್ತಿ ಬಿಡಿ," ಎಂದ.

ಚಿತ್ರ ಚಲಿಸಿತು. ಸ್ಟುಡಿಯೋದವನು ಫೋನನ್ನು ಜನರ ಕಡೆ ತಿರುಗಿಸಿದ್ದ. ಎದ್ದು ನಿಂತ ಸಾಲುಗಳು, ಎತ್ತಿದ ಮುಷ್ಟಿಗಳು. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಪಟಾಲಮ್ಮಿನ ಟೋಪಿ. ಮಾವ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಮೊಣಕಾಲು ನೋವೆಂದು ಮನೆಯಲ್ಲಿ ಮಣೆ ಹತ್ತದವರು. ಕತ್ತಿನ ನರ ಉಬ್ಬಿತ್ತು, ಬಾಯಿ ಎಲ್ಲರ ಬಾಯಿಯ ಜೊತೆ ತೆರೆದು ಮುಚ್ಚುತ್ತಿತ್ತು. ಆ ಒಂದೇ ಪದ. ಕೊನೆಗೆ ಮೈದಾನದ ಕಡೆ ಕ್ಯಾಕರಿಸಿ ಉಗಿದು ಕೂತರು.

ಮನೆಗೆ ಬಂದಾಗ ಮಾವ ಅವರೆಕಾಳು ಸುಲಿಯುತ್ತಿದ್ದರು. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವನು ಎದುರಿಗೆ ಕೂತು ತಾನೂ ಸ್ವಲ್ಪ ಕಾಯಿ ಎತ್ತಿಕೊಂಡ.

"ಮಾವ, ಆವತ್ತಿನ ವಿಡಿಯೋ ನೋಡ್ದೆ. ಅದು ಆಫ್‌ಸೈಡೇ."

"ಗೊತ್ತು," ಎಂದರು ಮಾವ.

"ಗೊತ್ತಾ?"

"ನಾನು ಕೂತಿದ್ದ ಜಾಗದಿಂದ ಚೆನ್ನಾಗಿ ಕಾಣ್ತಿತ್ತು. ಅವನು ಬಡಿಸೋ ಮುಂಚೆ ಕೈ ಹಾಕಿದ್ದ."

ಬಾವುಟ ಕೈಯಲ್ಲಿದ್ದ ಸಿಪ್ಪೆಯನ್ನು ನೋಡುತ್ತ ಹೇಳಿದ, "ನೀವೂ ಕೂಗಿದ್ರಿ."

ಮುದುಕರು ಅಲ್ಲಗಳೆಯಲಿಲ್ಲ. ಇನ್ನೊಂದು ಕಾಯಿ ಸುಲಿದು ಹೇಳಿದರು, "ಸುತ್ತ ಇರೋರಿಗೆ ಹೆದರಿ ಕೂಗಿದೆ ಅಂತ ಹೇಳಬಹುದು. ನಿನಗೂ ಸಮಾಧಾನ ಆಗುತ್ತೆ. ಆದರೆ ಹಂಗಲ್ಲ ಅದು. ಆ ಹೊತ್ತಲ್ಲಿ ಅದು ನೀನು ಅಂತ ಅನ್ನಿಸಲೇ ಇಲ್ಲಪ್ಪ. ನಮ್ಮ ಖುಷೀನ ಯಾವನೋ ಕಿತ್ಕೊಂಡ ಅನ್ನಿಸ್ತು. ಬೈದೆ. ಬೈದಾಗ ಎಷ್ಟು ಹಾಯಾಗಿತ್ತು ಅಂದ್ರೆ, ಅದನ್ನ ಹೇಳೋಕೆ ನಾಚಿಕೆ ಆಗುತ್ತೆ."

"ಆಮೇಲೆ?"

"ಆಮೇಲೆ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದೆ."

ಬಾಗಿಲಲ್ಲಿ ಹೆಂಡತಿಯ ಚಪ್ಪಲಿಯ ಸದ್ದಾಯಿತು. ಇಬ್ಬರೂ ಕಾಳು ಸುಲಿಯತೊಡಗಿದರು. ಅವಳಿಗೆ ಆ ವಿಷಯವನ್ನು ಇಬ್ಬರೂ ಎಂದೂ ಹೇಳಲಿಲ್ಲ. ಮನೆಯೊಳಗೆ ಮಾವ ಅಳಿಯ ಮೊದಲಿನ ಹಾಗೇ ಇದ್ದರು ಎಂದು ಅವಳು ಈಗಲೂ ತಿಳಿದಿದ್ದಾಳೆ. ಉಪ್ಪು ಕೊಡಿ, ನೀರು ತಗೊಳ್ಳಿ ಎನ್ನುವಷ್ಟು ಮಾತು ಇದ್ದೇ ಇತ್ತು.

ವಿಶ್ರಾಂತಿ ಮುಗಿಯಲಿಲ್ಲ. ಮುಂದಿನ ಸೀಸನ್ನಿಗೆ ಗೆರೆಯ ಮೇಲೆ ಕೇಬಲ್ ಟೀವಿ ಅಂಗಡಿಯ ಒಬ್ಬ ಹೊಸಬ ಬಂದ. ಮತ್ತೊಂದು ದೇಶದ ತಂಡ ಬಂದಿತ್ತು. ಬಾವುಟ ಮೊದಲ ಬಾರಿಗೆ ಟಿಕೇಟು ತೆಗೆದುಕೊಂಡು ಜನರ ನಡುವೆ ಕೂತ. ನಮ್ಮವರು ಒಂದು ಗೋಲಿನಿಂದ ಗೆದ್ದರು. ಆ ಗೋಲು ಹೊಡೆದವನು ಆಫ್‌ಸೈಡಿನಲ್ಲಿದ್ದ. ಚೆಂಡನ್ನು ನೋಡಬೇಕೆಂದು ಎಷ್ಟು ಹಟ ಹಿಡಿದು ಕೂತಿದ್ದರೂ ಬಾವುಟನ ಕಣ್ಣು ಹೋದದ್ದು ಕಾಲುಗಳ ಮೇಲೇ. ಹೊಸಬನ ಕೈ ಕೆಳಗೇ ಇತ್ತು.

ಪಂದ್ಯ ಮುಗಿದ ಮೇಲೆ ಅವನು ಹೊಸಬನನ್ನು ಹುಡುಕಿಕೊಂಡು ಹೋದ. ಆ ಮನುಷ್ಯ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಯಾರೋ ಅವನ ಕೊರಳಿಗೆ ಹೂವಿನ ಹಾರ ಹಾಕಿದ್ದರು.

"ಬೈಯೋಕೆ ಬಂದಿಲ್ಲ," ಎಂದ ಬಾವುಟ. "ಸುಮ್ನೆ ತಿಳ್ಕೊಳ್ಳೋಣ ಅಂತ. ಅದು ಕಾಣಲಿಲ್ವಾ?"

ಹೊಸಬ ಅವನನ್ನು ಗುರುತು ಹಿಡಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕಂಡಿತು ಅಣ್ಣ. ಡಿಪೋಗೆ ಕೇಬಲ್ ಎಳೆಯೋಕೆ ಬಂದಾಗ ನಿಮ್ಮ ಬೀರುಗೆ ಬಣ್ಣ ಬಳಿದಿದ್ದೂ ಕಂಡಿದ್ದೆ. ನಂದು ಅಂಗಡಿ. ರಸ್ತೆ ಮೇಲೆ ಗಾಜಿನ ಬಾಗಿಲು."

"ಕೈ ಏನಂತು?"

"ಅಂದ್ರೆ?"

"ಎತ್ತದೇ ಇಟ್ಕೊಂಡಾಗ ಕೈಗೆ ಹೆಂಗನ್ನಿಸ್ತು ಅಂತ."

ಹೊಸಬ ಕೊರಳಿನ ಹಾರ ತೆಗೆದು ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿದ. "ಜುಮ್ ಅಂತು. ಆಮೇಲೆ ಎಲ್ರೂ ಕುಣಿಯೋಕೆ ಶುರು ಮಾಡಿದ್ರಲ್ಲ, ನಾನೂ ಮರೆತೆ."

ಬಾವುಟ ತಲೆಯಾಡಿಸಿ ಬಸ್ ಸ್ಟಾಪಿಗೆ ನಡೆದ. ಬಸ್ಸು ಕಿಕ್ಕಿರಿದಿತ್ತು. ಜನ ಛಾವಣಿ ಬಡಿದು ಹಾಡುತ್ತಿದ್ದರು. ಪಕ್ಕದಲ್ಲಿ ನೇತಾಡುತ್ತಿದ್ದವನೊಬ್ಬ, ಇವನು ಯಾರೆಂದು ತಿಳಿಯದೆ, ಬೆವರಿನ ಮುಖ ಹತ್ತಿರ ತಂದು ಮಗುವಿನ ಹಾಗೆ ನಕ್ಕು ಕೇಳಿದ, "ಗೆದ್ವಿ ಅಲ್ವಾ ಅಣ್ಣ?"

"ಗೆದ್ವಿ," ಎಂದ ಬಾವುಟ.

ಆ ಮಾತು ತಡವರಿಸದೆ ಬಂತು. ಅದರ ಹಿಂದೆಯೇ ಎದೆಯಲ್ಲಿ ಸಣ್ಣದೊಂದು ಖುಷಿಯೂ ಎದ್ದಿತು. ಅದನ್ನು ಅವನು ಕರೆದಿರಲಿಲ್ಲ, ಓಡಿಸಿದರೂ ಅದು ಹೋಗಲಿಲ್ಲ. ಇಷ್ಟು ಜನ ಸೇರಿ ಹೊರಗೆ ಹಾಕಿದ ಮೇಲೂ ಇದೊಂದು ಒಳಗೇ ಉಳಿದುಕೊಂಡಿದೆಯಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮನೆಗೆ ಇನ್ನೂ ದೂರವಿರುವಾಗಲೇ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟ.