ಪುಗ್ಯೋ ಎಂದರೆ ಸಾಕು

ನೇಪಾಳದ ಹಳ್ಳಿಯೊಂದರಲ್ಲಿ ಸಂಬಳವಿಲ್ಲದೆ ಪಾಠ ಹೇಳಲು ಹೊರಟಿದ್ದೇನೆ. ವಾಸ ಅಲ್ಲಿನ ಒಂದು ಕುಟುಂಬದ ಜೊತೆಗೆ, ಅವರ ಮನೆಯವಳಂತೆ. ವಿಮಾನಕ್ಕೆ ಇನ್ನೂ ಹೊತ್ತಿದ್ದುದರಿಂದ ಗೋವಾದ ಸಾಂಕೋಲೆಯಲ್ಲಿ ನನ್ನ ಸಹೋದ್ಯೋಗಿಯ ತಾಯಿ, ವಿಜಯಪುರದ ರಜಿಯಾಬಿ, "ಬರ್ರಿ ಬರ್ರಿ" ಎಂದು ಬಾಗಿಲಿಗೇ ಬಂದು ಕರೆದು ಊಟಕ್ಕೆ ಕೂರಿಸಿದರು.

"ಅವರ ಭಾಷಾ ಬರ್ತದೇನ್ರಿ, ಟೀಚರ್?"

"ಊಟದ ಮಾತೆಲ್ಲಾ ಕಲ್ತೀನ್ರಿ," ಎಂದೆ ಬೀಗುತ್ತ. "ಸಾಕು ಅನ್ನಾಕ ಇಲ್ಲಿ ಕೊಂಕಣ್ಯಾಗ 'ಪುರೋ' ಅಂತಾರಲ್ರಿ, ಅವರು 'ಪುಗ್ಯೋ' ಅಂತಾರ."

ರೊಟ್ಟಿ ನೀಡುತ್ತಿದ್ದ ರಜಿಯಾಬಿಯ ಕೈ ಅಲ್ಲೇ ನಿಂತಿತು. "ಅಯ್ಯ, ಮೊದಲ ಸಾಕು ಅನ್ನೋದು ಕಲ್ತೀರೇನ್ರಿ? ಸಾಕು ಸಾಕು ಅನ್ನೋರು ಬೀಗರು. ಮನಿ ಮಗಳು ಗಂಗಾಳ ಮುಂದ ಮಾಡ್ತಾಳ."

'ಇನ್ನಷ್ಟು ನೀಡಿ' ಎನ್ನಲು ನೇಪಾಳಿಯಲ್ಲಿ ನನಗೆ ಬರುತ್ತಿರಲಿಲ್ಲ. ಇರಲಿ, ಕನ್ನಡದಲ್ಲೇ ಅಭ್ಯಾಸವಾಗಲಿ ಎಂದು ಗಂಗಾಳ ಮುಂದೆ ಚಾಚಿದೆ. "ಶೇಂಗಾ ಚಟ್ನಿ ಇನ್ನೊಂದೀಟು ಹಾಕ್ರಿ."

"ಮೊದಲ ಆ ರೊಟ್ಟಿ ಮುಗಸ. ಚಟ್ನಿ ಎಲ್ಲಿ ಓಡಿ ಹೋಗತೈತಿ?" ಎಂದು ಗದರಿದರು.

ಬಾಗಿಲಲ್ಲಿ 'ಬರ್ರಿ' ಎಂದವರು ಈಗ 'ಮುಗಸ' ಎಂದಿದ್ದರು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.